ನಿಮ್ಮ ಕಾಲೇಜು ತಂಡಕ್ಕೆ ಯಾವ ಕಾನ್ಫರೆನ್ಸ್, ಯಾವ ಟಿವಿ ಒಪ್ಪಂದ? ಹೋಲಿಸಿ ನೋಡುವ ಬಗೆ

ಅಮೆರಿಕದಲ್ಲಿ ಓದಿದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅರಿಜೋನಾ ಸ್ಟೇಟ್‌ನಲ್ಲಿ ಎಂಎಸ್ ಮಾಡಿದವರು, ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿದವರು, ಆಸ್ಟಿನ್‌ನಲ್ಲಿ ಓದಿ ಅಲ್ಲೇ ಮನೆ ಮಾಡಿದವರು. ಅಲ್ಲಿಗೆ ಹೋದ ಮೊದಲ ವರ್ಷ ಅವರ ಫುಟ್‌ಬಾಲ್ (ನಮ್ಮ ಸಾಕರ್ ಅಲ್ಲ, ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ತಲೆಗೆ ಹತ್ತುವುದಿಲ್ಲ. ಎರಡನೇ ವರ್ಷ ನೋಡಿ, ಶನಿವಾರ ಬಂತು ಅಂದ್ರೆ ಕಾಲೇಜಿನ ಬಣ್ಣದ ಟೀಶರ್ಟ್ ಹಾಕಿಕೊಂಡು ಟಿವಿ ಮುಂದೆ ಕೂತಿರುತ್ತಾರೆ. ನಾನೂ ಹೀಗೇ ಈ ಆಟ ಹಚ್ಚಿಕೊಂಡವನು. ಓದು ಮುಗಿದು ಎಷ್ಟೋ ವರ್ಷ ಆದರೂ ಬಿಟ್ಟಿಲ್ಲ.

ಆದರೆ 2021ರಿಂದ 2024ರೊಳಗೆ ಈ ಆಟದ ಊರು-ಕೇರಿಯೇ ಬದಲಾಗಿಹೋಯಿತು. ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಈಗ ನ್ಯೂಜೆರ್ಸಿಯ ರಟ್ಗರ್ಸ್ ಜೊತೆ ಒಂದೇ ಕಾನ್ಫರೆನ್ಸ್‌ನಲ್ಲಿವೆ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಒಂದೇ ಗುಂಪಿನಲ್ಲಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ) ಸೇರಿವೆ. ಅಟ್ಲಾಂಟಿಕ್ ಸಾಗರ ಇರುವುದು ದೇಶದ ಇನ್ನೊಂದು ತುದಿಗೆ. 1915ರಿಂದ ಬೇರು ಬಿಟ್ಟಿದ್ದ ಪಶ್ಚಿಮ ಕರಾವಳಿಯ ಕಾನ್ಫರೆನ್ಸ್ ಪ್ಯಾಕ್-12 ಎರಡೇ ಕಾಲೇಜಿಗೆ ಇಳಿಯಿತು.

ಇಷ್ಟಕ್ಕೂ ಕಾರಣ ಟಿವಿ ಹಣ. ಈಗಿನ ದೊಡ್ಡ ಒಪ್ಪಂದಗಳಲ್ಲಿ ಎರಡು 2030, 2031ರ ಹೊತ್ತಿಗೆ ಮುಗಿಯುತ್ತವೆ. ಆಗ ಮತ್ತೊಂದು ಸುತ್ತು ಶುರುವಾಗುವುದು ಖಂಡಿತ. ನಿಮ್ಮ ಕಾಲೇಜಿನ ಮುಂದೆಯೂ ಎರಡು ಮೂರು ದಾರಿ ಬರಬಹುದು. ಹಳೆ ವಿದ್ಯಾರ್ಥಿಗಳಿಗೆ ಪತ್ರ ಬರುತ್ತೆ, ದೇಣಿಗೆ ಕೇಳುತ್ತಾರೆ, ಅಭಿಪ್ರಾಯವನ್ನೂ ಕೇಳುತ್ತಾರೆ. ಆಗ ಏನು ನೋಡಬೇಕು ಅನ್ನುವುದಕ್ಕೆ ಈ ಬರಹ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಎಷ್ಟು ಕೋಟಿ ಸಿಗುತ್ತೆ ಅಂತ ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಎರಡು: ಪಂದ್ಯ ಎಷ್ಟು ಮನೆಗೆ ತಲುಪುತ್ತೆ, ಒಪ್ಪಂದ ನಿಮ್ಮನ್ನು ಎಷ್ಟು ವರ್ಷ ಕಟ್ಟಿಹಾಕುತ್ತೆ. ಕಳೆದ ಸುತ್ತಿನಲ್ಲಿ ಮುಳುಗಿದವರು ಈ ಎರಡರಲ್ಲೇ ಮುಳುಗಿದರು.

ಹಕ್ಕು ಯಾರ ಕೈಯಲ್ಲಿದೆ

ಐಪಿಎಲ್‌ನಲ್ಲಿ ಎಲ್ಲ ತಂಡಗಳ ಪ್ರಸಾರ ಹಕ್ಕನ್ನೂ ಬಿಸಿಸಿಐ ಒಟ್ಟಿಗೆ ಮಾರುತ್ತೆ. 2023ರಿಂದ 2027ರವರೆಗಿನ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಆರ್‌ಸಿಬಿ ತಾನೇ ಹೋಗಿ ಒಂದು ಚಾನೆಲ್ ಜೊತೆ ಮಾತಾಡುವ ಹಾಗಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲೂ ಮೊದಲು ಇದೇ ತರಹ ಇತ್ತು. ಯಾರ ಪಂದ್ಯ ಟಿವಿಯಲ್ಲಿ ಬರಬೇಕು, ಎಷ್ಟು ಸಲ ಬರಬೇಕು ಅಂತ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ತೀರ್ಮಾನ ಮಾಡುತ್ತಿತ್ತು. ಟಿವಿಯಲ್ಲಿ ಜಾಸ್ತಿ ತೋರಿಸಿದರೆ ಮೈದಾನಕ್ಕೆ ಜನ ಬರುವುದಿಲ್ಲ ಅನ್ನುವುದು ಅವರ ಹೆದರಿಕೆ.

ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದರ ವಿರುದ್ಧ ಕೋರ್ಟಿಗೆ ಹೋದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ ಎನ್‌ಸಿಎಎ ಹಿಡಿತವನ್ನು ತೆಗೆದುಹಾಕಿತು. ಒಪ್ಪದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬೈರನ್ ವೈಟ್. ಅವರು ಕೊಲರಾಡೋ ತಂಡದಲ್ಲಿ ಹೆಸರು ಮಾಡಿದ್ದ ಆಟಗಾರ. ಇದು ದುಡ್ಡಿನ ಓಟವಾಗಿಬಿಡುತ್ತೆ ಅನ್ನುವ ಆತಂಕ ಅವರ ಬರಹದಲ್ಲಿತ್ತು.

ಅಲ್ಲಿಂದ ಹಕ್ಕು ಕಾಲೇಜುಗಳ ಕೈಗೆ ಬಂತು. ಒಬ್ಬೊಬ್ಬರೇ ಮಾರುವ ಬದಲು ಗುಂಪು ಕಟ್ಟಿ ಮಾರಿದರೆ ಬೆಲೆ ಜಾಸ್ತಿ. ಆ ಗುಂಪೇ ಕಾನ್ಫರೆನ್ಸ್. ಮೊದಲು ಅದು ಅಕ್ಕಪಕ್ಕದ ಊರಿನವರ ಒಕ್ಕೂಟ ಆಗಿತ್ತು. ಬಸ್ಸಿನಲ್ಲಿ ಹೋಗಿ ಆಡಿ ಬರುವಷ್ಟು ದೂರ. ಈಗ ಅದು ಟಿವಿ ಹಕ್ಕು ಮಾರುವ ಸಂಘ. ಹೆಸರಿನಲ್ಲಿರುವ ಸಂಖ್ಯೆ ನಂಬಬೇಡಿ. ಬಿಗ್ ಟೆನ್‌ನಲ್ಲಿ 18 ಕಾಲೇಜುಗಳಿವೆ, ಬಿಗ್ 12ರಲ್ಲಿ 16.

ಚೇಣಿಯೋ, ಪಾಲೋ: ಬಿಗ್ 12 ಮತ್ತು ಪ್ಯಾಕ್-12

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. 2022ರ ಬೇಸಿಗೆಯಲ್ಲಿ ಇಬ್ಬರ ಸ್ಥಿತಿಯೂ ಒಂದೇ ತರಹ ಇತ್ತು. ಬಿಗ್ 12 ಬಿಟ್ಟು ಟೆಕ್ಸಸ್ ಮತ್ತು ಒಕ್ಲಹೋಮಾ ದಕ್ಷಿಣದ ಕಾನ್ಫರೆನ್ಸ್ ಎಸ್‌ಇಸಿಗೆ ಹೊರಡುವುದು ಹಿಂದಿನ ವರ್ಷವೇ ಗೊತ್ತಾಗಿತ್ತು. ಪ್ಯಾಕ್-12 ಬಿಟ್ಟು ಬಿಗ್ ಟೆನ್‌ಗೆ ಹೋಗುತ್ತೇವೆ ಅಂತ ಯುಎಸ್‌ಸಿ, ಯುಸಿಎಲ್‌ಎ 2022ರ ಜೂನ್ 30ರಂದು ಹೇಳಿದವು. ಎರಡು ಮನೆಯಲ್ಲೂ ದುಡಿಯುವ ಹಿರಿ ಮಕ್ಕಳು ಪಾಲು ತೆಗೆದುಕೊಂಡು ಹೊರಟ ಹಾಗೆ.

ಬಿಗ್ 12ರ ಕಮಿಷನರ್ ಆಗಿ ಬ್ರೆಟ್ ಯಾರ್ಮಾರ್ಕ್ 2022ರ ಆಗಸ್ಟ್‌ನಲ್ಲಿ ಬಂದರು. ಬಿಗ್ 12ರ ಆಗಿನ ಟಿವಿ ಒಪ್ಪಂದ ಮುಗಿಯಬೇಕಿದ್ದದ್ದು 2025ಕ್ಕೆ. ಪ್ಯಾಕ್-12ರದ್ದು ಒಂದು ವರ್ಷ ಮೊದಲೇ, 2024ಕ್ಕೆ. ಹಾಗಾಗಿ ಸಾಲಿನಲ್ಲಿ ಪ್ಯಾಕ್-12 ಮುಂದಿತ್ತು. ಯಾರ್ಮಾರ್ಕ್ ಕಾಯಲಿಲ್ಲ. ಇಎಸ್‌ಪಿಎನ್ ಮತ್ತು ಫಾಕ್ಸ್ ಟಿವಿ ಕಂಪನಿಗಳ ಜೊತೆ ಆಗಲೇ ಮಾತಿಗೆ ಕೂತರು. ಅಕ್ಟೋಬರ್ ಕೊನೆಗೆ ಕೆಲಸ ಮುಗಿಸಿದರು. 2025ರಿಂದ ಆರು ವರ್ಷಕ್ಕೆ 228 ಕೋಟಿ ಡಾಲರ್. ಒಂದು ಕಾಲೇಜಿಗೆ ವರ್ಷಕ್ಕೆ ಸರಾಸರಿ 3.17 ಕೋಟಿ ಡಾಲರ್ ಅಂತ ಸುದ್ದಿ ಬಂತು. ದೊಡ್ಡ ಕಾನ್ಫರೆನ್ಸ್‌ಗಳ ಮುಂದೆ ಇದು ಕಮ್ಮಿಯೇ. ಆದರೆ ಮಾತು ಪಕ್ಕಾ, ಚಾನೆಲ್ ಎಲ್ಲರ ಮನೆಯಲ್ಲೂ ಬರುವಂಥದ್ದು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಆಯಿತು. ದೊಡ್ಡ ಕೊಳ್ಳುಗರು ಇಬ್ಬರೂ ಆ ವರ್ಷದ ಹಣವನ್ನು ಅಲ್ಲಿ ಕಟ್ಟಿಬಿಟ್ಟರು. ಪ್ಯಾಕ್-12 ಮಾರುಕಟ್ಟೆಗೆ ಬರುವ ಹೊತ್ತಿಗೆ ಸಂತೆ ಅರ್ಧ ಎದ್ದಿತ್ತು.

ಪ್ಯಾಕ್-12ರ ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್ ಇನ್ನೂ ಒಳ್ಳೆ ಬೆಲೆ ಬರುತ್ತೆ ಅಂತ ಕಾಯುತ್ತಾ ಹೋದರು. ತಿಂಗಳುಗಳು ಉರುಳಿದವು. ಕಾಲೇಜುಗಳ ಅಧ್ಯಕ್ಷರು ಪತ್ರಿಕೆಗಳಿಗೆ 'ಇನ್ನೇನು ಆಗುತ್ತೆ' ಅಂತ ಹೇಳುತ್ತಲೇ ಇದ್ದರು. 2023ರ ಜುಲೈ 27ರಂದು ಕೊಲರಾಡೋ ತಾಳ್ಮೆ ಕಳೆದುಕೊಂಡು ಬಿಗ್ 12ಕ್ಕೆ ವಾಪಸ್ ಹೊರಟಿತು. ಆಗಸ್ಟ್ ಮೊದಲ ವಾರ ಕೊನೆಗೂ ಒಂದು ಪ್ರಸ್ತಾಪ ಮೇಜಿನ ಮೇಲೆ ಬಂತು. ಅದು ಆಪಲ್ ಕಂಪನಿಯದ್ದು. ಹೆಚ್ಚುಕಮ್ಮಿ ಎಲ್ಲ ಪಂದ್ಯವೂ ಆಪಲ್‌ನ ಸ್ಟ್ರೀಮಿಂಗ್‌ನಲ್ಲಿ. ಖಾತ್ರಿ ಹಣ ಕಾಲೇಜಿಗೆ ಸುಮಾರು 2.3 ಕೋಟಿ ಡಾಲರ್ ಎಂದು ವರದಿಯಾಯಿತು. ಚಂದಾದಾರರು ಹೆಚ್ಚಿದಂತೆ ಹಣವೂ ಹೆಚ್ಚುತ್ತೆ.

ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುತ್ತಾರಲ್ಲ, ಬಿಗ್ 12ರದ್ದು ಆ ತರಹ. ಅಡಿಕೆ ಗೊನೆ ಇನ್ನೂ ಮರದಲ್ಲೇ ಇರುವಾಗ ಚೇಣಿದಾರ ಬಂದು ಇಡೀ ಫಸಲಿಗೆ ಇಷ್ಟು ಅಂತ ಮಾತಾಡುತ್ತಾನೆ. ಆಮೇಲೆ ಪೇಟೆಯಲ್ಲಿ ರೇಟು ಏರಲಿ, ಇಳಿಯಲಿ, ಕೊಳೆ ರೋಗ ಬರಲಿ, ಅದು ಅವನ ಹಣೆಬರಹ. ತೋಟದವನ ಕೈಗೆ ದುಡ್ಡು ಬಂದಾಯಿತು. ಆಪಲ್ ಹೇಳಿದ್ದು ಪಾಲಿನ ಲೆಕ್ಕ. ಬೆಳೆ ಚೆನ್ನಾಗಿ ಬಂದರೆ ಚೇಣಿಗಿಂತ ಜಾಸ್ತಿ ಸಿಗುತ್ತೆ. ಬರದಿದ್ದರೆ ಇಬ್ಬರಿಗೂ ನಷ್ಟ.

ಪಾಲು ತಪ್ಪು ಅಂತ ನಾನು ಹೇಳುವುದಿಲ್ಲ. ಒಳ್ಳೆ ತೋಟ ಇದ್ದು, ಕೈಯಲ್ಲಿ ಎರಡು ವರ್ಷದ ಖರ್ಚಿಗೆ ದುಡ್ಡಿದ್ದವನು ಪಾಲಿಗೆ ಕೊಡಬಹುದು. ಪ್ಯಾಕ್-12ಕ್ಕೆ ಆ ಅನುಕೂಲ ಇರಲಿಲ್ಲ. ಲಾಸ್ ಏಂಜಲೀಸ್ ಆಗಲೇ ಕೈಬಿಟ್ಟಿತ್ತು. ಇನ್ನೊಂದು ಭಯವೂ ಇತ್ತು. ಫುಟ್‌ಬಾಲ್ ಆಟಗಾರನನ್ನು ಕಾಲೇಜಿಗೆ ಕರೆತರಬೇಕಾದರೆ ಅವನ ಅಜ್ಜಿ ಮನೆಯಲ್ಲಿ ಪಂದ್ಯ ಕಾಣಬೇಕು. ಬೇರೆ ಆ್ಯಪ್ ಹಾಕಿಕೊಂಡು, ಬೇರೆ ಚಂದಾ ಕಟ್ಟಿ ನೋಡುವವರು ಕಟ್ಟಾ ಅಭಿಮಾನಿಗಳು ಮಾತ್ರ. ಸುಮ್ನೆ ಚಾನೆಲ್ ತಿರುಗಿಸುವಾಗ ಕಣ್ಣಿಗೆ ಬೀಳುವ ಲಾಭ ಅಲ್ಲಿಲ್ಲ.

ಆಗಸ್ಟ್ 4ರ ಬೆಳಿಗ್ಗೆ ಉಳಿದ ಒಂಬತ್ತು ಕಾಲೇಜುಗಳು ಸಹಿ ಹಾಕುತ್ತವೆ ಅನ್ನುವ ನಿರೀಕ್ಷೆ ಇತ್ತು. ಅದೇ ದಿನ ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದವು. ಕತ್ತಲಾಗುವುದರೊಳಗೆ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ ಹೊರಟವು. ಒಂದೇ ದಿನದಲ್ಲಿ ಮನೆ ಖಾಲಿ. ಮನಸ್ಸಿಗೆ ನೋವಾಗುವ ವಿಷಯ ಏನೆಂದರೆ, ಆ ಕೊನೆಯ ವರ್ಷ ಅಲ್ಲಿ ಆಡಿದ ಫುಟ್‌ಬಾಲ್ ಬಹಳ ಚೆನ್ನಾಗಿತ್ತು. ವಾಷಿಂಗ್ಟನ್ ತಂಡ 34-31ಕ್ಕೆ ಆರೆಗನ್ ಸೋಲಿಸಿ ಪ್ಯಾಕ್-12 ಗೆದ್ದು, ರಾಷ್ಟ್ರೀಯ ಫೈನಲ್ ತನಕ ಹೋಯಿತು.

ಆದ್ದರಿಂದ ನಿಮ್ಮ ಕಾಲೇಜು ಮಧ್ಯಮ ದರ್ಜೆಯದ್ದಾದರೆ, ಅಂದರೆ ಒಳ್ಳೆ ತಂಡ, ಆದರೆ ದೇಶವೆಲ್ಲಾ ಕೂತು ನೋಡುವಂಥ ಹೆಸರಲ್ಲ ಅಂತಾದರೆ, ಬಿಗ್ 12ರ ದಾರಿ ಸರಿ. ಬೇಗ ಮಾರಿ, ಎಲ್ಲರಿಗೂ ಕಾಣುವ ಚಾನೆಲ್‌ಗೆ ಮಾರಿ, ಆರು ವರ್ಷಕ್ಕಿಂತ ಹೆಚ್ಚು ಕಟ್ಟಿಕೊಳ್ಳಬೇಡಿ. ಅರಿಜೋನಾ ಸ್ಟೇಟ್ ಹೋದ ಮೊದಲ ವರ್ಷವೇ, 2024ರಲ್ಲಿ, ಬಿಗ್ 12 ಗೆದ್ದು, ರಾಷ್ಟ್ರೀಯ ಪಟ್ಟಕ್ಕೆ ಆಡುವ ಪ್ಲೇಆಫ್‌ಗೆ ಬಂತು. ಟೆಕ್ಸಸ್ ಎದುರು ಎರಡು ಓವರ್‌ಟೈಮ್ ತನಕ ಎಳೆದು 39-31ಕ್ಕೆ ಸೋತಿತು. ಆ ಕಾಲೇಜಿನ ಊರು ಟೆಂಪಿಯಲ್ಲಿ ಓದಿದ ನನ್ನ ಗೆಳೆಯನೊಬ್ಬ ಆ ರಾತ್ರಿ ಫೋನ್ ಮಾಡಿ ಅತ್ತುಬಿಟ್ಟ.

ಸ್ವಂತ ಚಾನೆಲ್ ಕಟ್ಟುವುದೇ, ಪಾಲುದಾರರ ಜೊತೆ ಹೋಗುವುದೇ

ಪ್ಯಾಕ್-12ರ ಕಥೆ 2023ರಲ್ಲಿ ಶುರುವಾದದ್ದಲ್ಲ. ಅದರ ಬೇರು 2012ರಲ್ಲಿದೆ.

2007ರಲ್ಲಿ ಬಿಗ್ ಟೆನ್ ಫಾಕ್ಸ್ ಜೊತೆ ಸೇರಿ ತನ್ನದೇ ಚಾನೆಲ್ ತೆಗೆಯಿತು. ಕೇಬಲ್ ಕಂಪನಿಗಳು ಮೊದಲು ಒಪ್ಪಲಿಲ್ಲ, ಆಮೇಲೆ ದಾರಿಗೆ ಬಂದವು. ಫಾಕ್ಸ್‌ನ ಬೇರೆ ಚಾನೆಲ್‌ಗಳೂ ಬೇಕಲ್ವಾ, ಅದರ ಕೈ ಮೇಲಿತ್ತು. 2014ರಲ್ಲಿ ಎಸ್‌ಇಸಿ ಚಾನೆಲ್ ಬಂದಾಗ ಹಿಂದೆ ನಿಂತದ್ದು ಇಎಸ್‌ಪಿಎನ್. ಅದನ್ನು ಬೇಡ ಅನ್ನುವ ಧೈರ್ಯ ಯಾವ ಕೇಬಲ್‌ನವನಿಗೂ ಇರಲಿಲ್ಲ.

ಪ್ಯಾಕ್-12 ಬೇರೆ ದಾರಿ ಹಿಡಿಯಿತು. ಚಾನೆಲ್ ಪೂರ್ತಿ ನಮ್ಮದೇ ಇರಲಿ, ಲಾಭವೂ ಪೂರ್ತಿ ನಮಗೇ ಇರಲಿ ಅಂದಿತು. 2012ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲಾ ಒಂದು, ಪ್ರಾಂತ್ಯಕ್ಕೊಂದರಂತೆ ಆರು, ಒಟ್ಟು ಏಳು ಚಾನೆಲ್ ತೆಗೆಯಿತು. ಆಸೆ ತಪ್ಪಲ್ಲ. ಆದರೆ ಡೈರೆಕ್‌ಟಿವಿ ಎಂಬ ದೊಡ್ಡ ಡಿಶ್ ಕಂಪನಿ ಕೊನೆಯವರೆಗೂ ಆ ಚಾನೆಲ್ ಹಾಕಲೇ ಇಲ್ಲ. ಹೋಟೆಲು, ಬಾರುಗಳಲ್ಲಿ ಹೆಚ್ಚಾಗಿ ಇದ್ದದ್ದು ಅದೇ ಡಿಶ್. ಶನಿವಾರ ಗೆಳೆಯರ ಜೊತೆ ಹೊರಗೆ ಹೋದರೆ, ಗೋಡೆಯ ಮೇಲಿನ ಹತ್ತು ಟಿವಿಯಲ್ಲಿ ಒಂದರಲ್ಲೂ ಪಕ್ಕದ ಊರಿನ ನಮ್ಮ ತಂಡದ ಪಂದ್ಯ ಬರುತ್ತಿರಲಿಲ್ಲ. ಸಾವಿರಾರು ಮೈಲಿ ದೂರದ ಅಲಬಾಮಾ ಪಂದ್ಯ ಬರುತ್ತಿತ್ತು. 2024ರ ಜೂನ್ 30ಕ್ಕೆ ಆ ಚಾನೆಲ್‌ಗಳು ಮುಚ್ಚಿದವು.

ಹೀಗಾಗಿ ಯಾರಾದರೂ 'ನಮ್ಮದೇ ಚಾನೆಲ್, ನಮ್ಮದೇ ಆ್ಯಪ್' ಅಂತ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಅದನ್ನು ಜನರ ಮನೆಗೆ ಮುಟ್ಟಿಸುವವರು ಯಾರು? ಅವರಿಗೂ ಅದರಲ್ಲಿ ಪಾಲು ಇದೆಯಾ? ಹಾಲು ಕರೆದರೆ ಸಾಲದು, ಡೇರಿಗೆ ಹೋಗಬೇಕು.

ಎರಡು ದೊಡ್ಡಮನೆ: ಬಿಗ್ ಟೆನ್, ಎಸ್‌ಇಸಿ

ಇಲ್ಲಿಂದ ಕರೆ ಬಂದರೆ ಬೇಡ ಅನ್ನುವ ಕಾಲೇಜು ಬಹಳ ಕಮ್ಮಿ. ಆದರೂ ಎರಡರ ನಡುವೆ ವ್ಯತ್ಯಾಸ ಇದೆ.

ಬಿಗ್ ಟೆನ್ 2022ರಲ್ಲಿ ಮೂವರಿಗೆ ಹಂಚಿ ಮಾರಿತು. ಪೂರ್ವ ಕರಾವಳಿಯ ಗಡಿಯಾರದಲ್ಲಿ ಮಧ್ಯಾಹ್ನ 12ಕ್ಕೆ ಫಾಕ್ಸ್, 3:30ಕ್ಕೆ ಸಿಬಿಎಸ್, ರಾತ್ರಿ ಎನ್‌ಬಿಸಿ. ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೇಲೆ ಅಂತ ವರದಿ. ಮೂರೂ ಆಂಟೆನಾ ಹಾಕಿದರೆ ಪುಕ್ಕಟೆ ಬರುವ ಚಾನೆಲ್. ಎಸ್‌ಇಸಿ ಎಲ್ಲವನ್ನೂ ಒಬ್ಬರಿಗೇ ಕೊಟ್ಟಿತು. ಅದರ ದೊಡ್ಡ ಪಂದ್ಯಕ್ಕೆ ಸಿಬಿಎಸ್ ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್ ಕೊಡುತ್ತಿತ್ತು. ಅದೇ ಪಂದ್ಯಗಳಿಗೆ 2024ರಿಂದ ಹತ್ತು ವರ್ಷಕ್ಕೆ, ವರ್ಷಕ್ಕೆ ಸುಮಾರು 30 ಕೋಟಿ ಡಾಲರ್ ಕೊಡಲು ಇಎಸ್‌ಪಿಎನ್, ಎಬಿಸಿ ಒಡೆಯರಾದ ಡಿಸ್ನಿ ಮುಂದೆ ಬಂತು.

ಒಬ್ಬರಿಗೇ ಕೊಟ್ಟರೆ ಅವರು ನಿಮ್ಮನ್ನು ಮನೆಮಗನ ಹಾಗೆ ನೋಡುತ್ತಾರೆ. ಬೆಳಗಿನಿಂದ ರಾತ್ರಿ ತನಕ ನಿಮ್ಮದೇ ಮಾತು. ಆದರೆ ಅವರಿಗೂ ಇನ್ನೊಬ್ಬರಿಗೂ ಜಗಳ ಬಂದರೆ ನೀವೂ ಸಿಕ್ಕಿಕೊಳ್ಳುತ್ತೀರಿ. 2025ರ ಅಕ್ಟೋಬರ್ 30ರಿಂದ ನವೆಂಬರ್ 14ರವರೆಗೆ ಡಿಸ್ನಿ ಮತ್ತು ಇಂಟರ್ನೆಟ್ಟಿನಲ್ಲಿ ಚಾನೆಲ್‌ಗಳನ್ನು ಕೊಡುವ ಯೂಟ್ಯೂಬ್ ಟಿವಿ ನಡುವೆ ದರದ ಜಗಳ ನಡೆಯಿತು. ಇಎಸ್‌ಪಿಎನ್, ಎಬಿಸಿ ಎರಡೂ ಅಲ್ಲಿಂದ ಮಾಯ. ಎರಡು ಶನಿವಾರ ಎಷ್ಟೋ ಮನೆಗಳಲ್ಲಿ ಎಸ್‌ಇಸಿ ಪಂದ್ಯವೇ ಇಲ್ಲ. ತಲುಪುವುದು ಮೊದಲು ಅನ್ನುವ ನನ್ನ ಲೆಕ್ಕದಲ್ಲಿ ಬಿಗ್ ಟೆನ್ ಒಂದು ಹೆಜ್ಜೆ ಮುಂದೆ.

ಕರೆ ಬಂದಾಗ ಇನ್ನೊಂದು ಗಮನಿಸಿ: ಪೂರ್ತಿ ಪಾಲೋ, ಅರ್ಧ ಪಾಲೋ? ಯುಎಸ್‌ಸಿ, ಯುಸಿಎಲ್‌ಎಗೆ ಪೂರ್ತಿ ಪಾಲು ಸಿಕ್ಕಿತು. ಒಂದೇ ವರ್ಷ ತಡವಾಗಿ ಮಾತು ಮುಗಿಸಿದ ಆರೆಗನ್, ವಾಷಿಂಗ್ಟನ್‌ಗೆ ಸುಮಾರು 3 ಕೋಟಿ ಡಾಲರ್‌ನಿಂದ ಶುರು, ವರ್ಷಕ್ಕೆ 10 ಲಕ್ಷ ಹೆಚ್ಚಳ. ಹಳಬರಿಗೆ ಸಿಗುವುದರ ಅರ್ಧಕ್ಕೆ ಹತ್ತಿರ. ಆರೆಗನ್‌ಗೆ ಇದು ನಡೆಯುತ್ತೆ, ಅದರ ಬೆನ್ನಿಗೆ ನೈಕಿ ಕಟ್ಟಿದ ಫಿಲ್ ನೈಟ್ ಇದ್ದಾರೆ. ಮೊದಲ ವರ್ಷವೇ ಬಿಗ್ ಟೆನ್ ಗೆದ್ದಿತು ಕೂಡ. ನಿಮ್ಮ ಕಾಲೇಜಿಗೆ ಅಂಥ ದಾನಿ ಇಲ್ಲದಿದ್ದರೆ, ದೂರದ ಪ್ರಯಾಣದ ಖರ್ಚು ಅರ್ಧ ಪಾಲಿನಿಂದಲೇ ಹೋಗಬೇಕು.

ಇಷ್ಟೊಂದು ಹಣ ಬರುವುದು ಎಲ್ಲಿಂದ ಅಂತ ಕಣ್ಣಾರೆ ನೋಡಬೇಕಾದರೆ ಒಂದು ಸಲ ಮೈದಾನಕ್ಕೆ ಹೋಗಿ. ಆಟ ನಿಂತಾಗ ಕೆಂಪು ಟೋಪಿ ಹಾಕಿದ ಒಬ್ಬ ಮನುಷ್ಯ ಗೆರೆ ದಾಟಿ ನಾಲ್ಕು ಹೆಜ್ಜೆ ಒಳಗೆ ಬಂದು ನಿಲ್ಲುತ್ತಾನೆ. ಕಿವಿಯಲ್ಲಿ ಟಿವಿಯವರ ತಂತಿ. ಕೈ ಕಟ್ಟಿಕೊಂಡಿರುತ್ತಾನೆ, ಏನೂ ಮಾಡುವುದಿಲ್ಲ. ಅವನು ಹಿಂದೆ ಸರಿಯುವ ತನಕ ರೆಫರಿ ಶಿಳ್ಳೆ ಊದುವುದಿಲ್ಲ. ಬೆವರಿದ ಹುಡುಗರು ಸೊಂಟಕ್ಕೆ ಕೈ ಕೊಟ್ಟು ಕಾಯುತ್ತಾರೆ. ನವೆಂಬರ್ ಚಳಿಯಲ್ಲಿ ಜನ ಕೈ ಉಜ್ಜಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮನೆಮನೆಯಲ್ಲಿ ಜಾಹೀರಾತು ಓಡುತ್ತಿರುತ್ತೆ. ಆ ಟೋಪಿಯವನು ನಿಂತಷ್ಟು ಹೊತ್ತೇ ಮೇಲೆ ಹೇಳಿದ ಕೋಟಿಗಳು.

ಎಸಿಸಿ: ಭೋಗ್ಯದ ಕರಾರು

ಎಸಿಸಿ ವಿಷಯದಲ್ಲಿ ಕಣ್ಣು ಬಿಟ್ಟು ಓದಬೇಕಾದ್ದು ವರ್ಷಗಳ ಲೆಕ್ಕ. 2013ರಲ್ಲಿ ಅದರ ಕಾಲೇಜುಗಳು ಒಂದು ಪತ್ರಕ್ಕೆ ಸಹಿ ಹಾಕಿದವು. ನಮ್ಮ ಊರಿನ ಪಂದ್ಯಗಳ ಟಿವಿ ಹಕ್ಕನ್ನು ಕಾನ್ಫರೆನ್ಸ್‌ಗೆ ಒಪ್ಪಿಸಿದ್ದೇವೆ, ನಾವು ಬಿಟ್ಟು ಹೋದರೂ ಹಕ್ಕು ಇಲ್ಲೇ ಇರುತ್ತೆ ಅಂತ. 2016ರಲ್ಲಿ ಅದನ್ನು 2036ರ ತನಕ ಎಳೆದರು. ಜಮೀನು ನಿಮ್ಮದೇ, ಆದರೆ ಭೋಗ್ಯದ ಅವಧಿ ಮುಗಿಯುವ ತನಕ ಬೆಳೆ ಇನ್ನೊಬ್ಬರದು.

ಆಗ ಅದು ಜಾಣತನ ಅನ್ನಿಸಿತು. ಯಾರೂ ಓಡಿಹೋಗಲಾರರು. ಆದರೆ ಪಕ್ಕದ ಮನೆಯವರ ರೇಟು ಎರಡು ಸಲ ಏರಿತು, ಇವರದ್ದು ಹಳೆ ಕರಾರಿನಲ್ಲೇ ನಿಂತಿತು. 2023ರಲ್ಲಿ ಫ್ಲೋರಿಡಾ ಸ್ಟೇಟ್ 13 ಪಂದ್ಯದಲ್ಲಿ 13 ಗೆದ್ದು ಎಸಿಸಿ ಚಾಂಪಿಯನ್ ಆಯಿತು. ಆದರೂ ಆಗಿದ್ದ ನಾಲ್ಕು ತಂಡಗಳ ಪ್ಲೇಆಫ್‌ಗೆ ಅದನ್ನು ತೆಗೆದುಕೊಳ್ಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಅದು ಕೋರ್ಟಿಗೆ ಹೋಯಿತು. ಮೂರು ತಿಂಗಳಿಗೆ ಇನ್ನೊಂದು ಎಸಿಸಿ ಕಾಲೇಜು ಕ್ಲೆಮ್ಸನ್ ಕೂಡ.

2025ರ ಮಾರ್ಚ್‌ನಲ್ಲಿ ರಾಜಿ ಆಯಿತು. ಟಿವಿ ಹಣದ 60 ಭಾಗವನ್ನು ಯಾರ ಪಂದ್ಯ ಎಷ್ಟು ಜನ ನೋಡುತ್ತಾರೆ ಅನ್ನುವುದರ ಮೇಲೆ ಹಂಚುವುದು, 40 ಭಾಗ ಎಲ್ಲರಿಗೂ ಸಮ. ಬಿಟ್ಟು ಹೋಗುವ ದಂಡ ವರ್ಷದಿಂದ ವರ್ಷಕ್ಕೆ ಇಳಿದು, 2030-31ಕ್ಕೆ 7.5 ಕೋಟಿ ಡಾಲರ್‌ಗೆ ಬರುತ್ತೆ. ಹಕ್ಕನ್ನೂ ಜೊತೆಗೇ ಒಯ್ಯಬಹುದು. ಹೊರಬಾಗಿಲು ಯಾವಾಗ ತೆರೆಯುತ್ತೆ ಅಂತ ಈಗ ಎಲ್ಲರಿಗೂ ಗೊತ್ತು.

ಹೋಗಬೇಕು ಅನ್ನುವ ದೊಡ್ಡ ತಂಡಕ್ಕೆ ಎಸಿಸಿ ಕಾಯುವ ಕೋಣೆ. ಒಳಗೆ ಬರಬೇಕು ಅನ್ನುವವರಿಗೆ ಮಾತ್ರ ಬೇರೆ ಲೆಕ್ಕ. ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಕಾನ್ಫರೆನ್ಸ್‌ನ ಟಿವಿ ಪಾಲು ಬೇಡ ಅಂತ ಹೇಳಿ ಸೇರಿಕೊಂಡಿತು. ಕರೆ ಬಂದ ಒಂದು ವಾರದೊಳಗೆ ಅದರ ದಾನಿಗಳು 10 ಕೋಟಿ ಡಾಲರ್ ಕೂಡಿಸಿದರು. ಮೊದಲ ವರ್ಷವೇ ಎಸಿಸಿ ಫೈನಲ್ ಆಡಿ, 12 ತಂಡಗಳ ಪ್ಲೇಆಫ್‌ಗೂ ಬಂತು. ಅದರ ಪಾಲಿಗೆ ಎಸಿಸಿ ದೊಡ್ಡ ಊರಿನ ಬಾಗಿಲು. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಏಳು ವರ್ಷ ಸುಮಾರು ಶೇ 30 ಪಾಲಿಗೆ ಒಪ್ಪಿದವು. ಬರ್ಕ್ಲಿಯ ಕಷ್ಟಕ್ಕೆ ಹೆಗಲು ಕೊಡಲು ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕು ಅಂತ ಎರಡೂ ಕಾಲೇಜಿನ ಒಂದೇ ಆಡಳಿತ ಮಂಡಳಿ ತೀರ್ಮಾನಿಸಿತು. ಅಣ್ಣ ಪೇಟೆಗೆ ಹೋಗಿ ದುಡಿದರೆ ಊರಲ್ಲಿರುವ ತಮ್ಮನಿಗೆ ಕಳಿಸಬೇಕಲ್ಲ. ನನಗೆ ಇದು ನ್ಯಾಯ ಅನ್ನಿಸಿತು.

ಒಂಟಿ ದಾರಿ, ಮಂಗಳವಾರದ ದಾರಿ

ಯಾವ ಕಾನ್ಫರೆನ್ಸೂ ಬೇಡ ಅಂತ ಇರುವ ದೊಡ್ಡ ಹೆಸರು ನಾಟರ್ ಡೇಮ್. 1991ರಿಂದ ಎನ್‌ಬಿಸಿ ಜೊತೆ ಸ್ವಂತ ಒಪ್ಪಂದ. ಈಗಿನದು 2029ರ ತನಕ ಇದೆ. ದೇಶದ ಮೂಲೆಮೂಲೆಯ ಕ್ಯಾಥೊಲಿಕ್ ಕುಟುಂಬಗಳು ತಲೆಮಾರಿನಿಂದ ನೋಡಿಕೊಂಡು ಬಂದ ತಂಡ ಅದು. ಬೇರೆ ಆಟಗಳಿಗೆ ಎಸಿಸಿಯಲ್ಲಿದೆ. ಅದನ್ನು ನೋಡಿ ನಾವೂ ಹಾಗೇ ಇರೋಣ ಅಂದುಕೊಂಡರೆ ಕಷ್ಟ. ಯೂಟಾದ ಬಿವೈಯು ಕಾಲೇಜು 2011ರಿಂದ ಒಂಟಿಯಾಗಿತ್ತು, 2023ರಲ್ಲಿ ಬಿಗ್ 12 ಸೇರಿತು. ಕನೆಕ್ಟಿಕಟ್ ಒಂಟಿಯಾದದ್ದಕ್ಕೆ ಬೇರೆ ಕಾರಣ. ಅದಕ್ಕೆ ಬ್ಯಾಸ್ಕೆಟ್‌ಬಾಲ್ ಮುಖ್ಯ. 2020ರಲ್ಲಿ ಫುಟ್‌ಬಾಲ್ ಒಂಟಿ ಮಾಡಿಕೊಂಡು, ಬ್ಯಾಸ್ಕೆಟ್‌ಬಾಲನ್ನು ಹಳೆ ಮನೆ ಬಿಗ್ ಈಸ್ಟ್‌ಗೆ ವಾಪಸ್ ತಂದಿತು. 2023, 2024 ಎರಡೂ ವರ್ಷ ಗಂಡಸರ ತಂಡ ದೇಶಕ್ಕೆ ಮೊದಲಾಯಿತು. ನಿಮ್ಮ ಕಾಲೇಜಿನ ಜೀವ ಯಾವ ಆಟದಲ್ಲಿದೆ ಅಂತ ಗೊತ್ತಿದ್ದರೆ ಇಂಥ ತೀರ್ಮಾನ ಮಾಡಬಹುದು.

ಸಣ್ಣ ಕಾಲೇಜುಗಳಿಗೆ ಮ್ಯಾಕ್ ಎಂಬ ಕಾನ್ಫರೆನ್ಸ್ ತೋರಿಸಿದ ದಾರಿ ಇದೆ. ಟೊಲೀಡೊ, ಬೌಲಿಂಗ್ ಗ್ರೀನ್ ತರಹದ ತಂಡಗಳು. ಶನಿವಾರ ಇವರನ್ನು ಯಾರೂ ನೋಡುವುದಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಮಂಗಳವಾರ, ಬುಧವಾರ ರಾತ್ರಿ ಆಡುತ್ತಾರೆ. ಟಿವಿಯಲ್ಲಿ ಬೇರೆ ಫುಟ್‌ಬಾಲ್ ಇರುವುದಿಲ್ಲ, ದೇಶ ನೋಡುತ್ತೆ. ಆದರೆ ವಾರದ ಮಧ್ಯೆ, ಹಿಮ ಬೀಳುವಾಗ, ಮರುದಿನ ಕ್ಲಾಸ್ ಇಟ್ಟುಕೊಂಡು ಮೈದಾನಕ್ಕೆ ಬರುವವರು ಎಷ್ಟು ಜನ? ಖಾಲಿ ಬೆಂಚಿನ ಮೇಲೆ ಹಿಮ ಕೂತಿರುತ್ತೆ. ಹೆಸರು ಗೊತ್ತಾಗಬೇಕು ಅನ್ನುವ ಕಾಲೇಜಿಗೆ ಇದು ಒಪ್ಪಬಹುದಾದ ಬೆಲೆ. ಮೈದಾನ ತುಂಬುವುದೇ ಊರ ಹಬ್ಬ ಅನ್ನುವ ಕಡೆ ಬೇಡ.

ಬೇರೆ ಆಟದ ಮಕ್ಕಳನ್ನು ಮರೆಯಬೇಡಿ

ಕಾನ್ಫರೆನ್ಸ್ ಬದಲಾದರೆ ಫುಟ್‌ಬಾಲ್ ಒಂದೇ ಹೋಗುವುದಿಲ್ಲ. ವಾಲಿಬಾಲ್, ಸಾಫ್ಟ್‌ಬಾಲ್, ಸಾಕರ್, ಟೆನಿಸ್ ಎಲ್ಲವೂ ಹೆಚ್ಚಾಗಿ ಜೊತೆಗೇ ಹೋಗುತ್ತವೆ. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ಆಡುತ್ತೆ, ಬಾಡಿಗೆ ವಿಮಾನ ಇರುತ್ತೆ. ವಾಲಿಬಾಲ್ ಹುಡುಗಿಯರು ವಾರಕ್ಕೆ ಎರಡು ಸಲ ಆಡುತ್ತಾರೆ. ಲಾಸ್ ಏಂಜಲೀಸಿನಿಂದ ನ್ಯೂಜೆರ್ಸಿಗೆ ಸುಮಾರು 3,900 ಕಿಲೋಮೀಟರ್, ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸ. ಆಡಿ, ರಾತ್ರಿ ವಿಮಾನ ಹತ್ತಿ, ಬೆಳಿಗ್ಗೆ ಕೆಮಿಸ್ಟ್ರಿ ಪರೀಕ್ಷೆಗೆ ಕೂರಬೇಕು. ಇವರ ಪಂದ್ಯಕ್ಕೆ ಯಾರೂ 700 ಕೋಟಿ ಕೊಡಲಿಲ್ಲ, ಆದರೆ ಪ್ರಯಾಣ ಇವರದು. 2025-26ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು, ಆ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್ ಆಗಿತ್ತು. ಅದರಲ್ಲೂ ದೊಡ್ಡ ಪಾಲು ಫುಟ್‌ಬಾಲಿಗೇ ಹೋಗುತ್ತಿದೆ. ನಿಮ್ಮ ಕಾಲೇಜು ಹೊಸ ಕಾನ್ಫರೆನ್ಸ್ ಆರಿಸುವಾಗ 'ಫುಟ್‌ಬಾಲ್ ಅಲ್ಲಿರಲಿ, ಉಳಿದವು ಹತ್ತಿರದವರ ಜೊತೆ ಆಡಲಿ ಅಂತ ಕೇಳಿದಿರಾ?' ಅಂತ ವಿಚಾರಿಸಿ. ಫುಟ್‌ಬಾಲನ್ನು ಉಳಿದ ಆಟಗಳಿಂದ ಬೇರೆ ಇಡಬಹುದು ಅಂತ ನಾಟರ್ ಡೇಮ್, ಕನೆಕ್ಟಿಕಟ್ ತೋರಿಸಿವೆ.

ಕೊನೆಗೆ ಪುಲ್‌ಮನ್ ಊರಿನ ವಿಷಯ. ಗೋಧಿ ಗುಡ್ಡಗಳ ನಡುವೆ ಇರುವ ಆ ಸಣ್ಣ ಊರಿನಲ್ಲಿ ವಾಷಿಂಗ್ಟನ್ ಸ್ಟೇಟ್ ಇದೆ. ಶನಿವಾರ ಬೆಳಿಗ್ಗೆ ಇಎಸ್‌ಪಿಎನ್‌ನ 'ಕಾಲೇಜ್ ಗೇಮ್‌ಡೇ' ಹಾಕಿ ನೋಡಿ. ಕಾರ್ಯಕ್ರಮ ಯಾವ ಊರಿನಲ್ಲೇ ನಡೆಯಲಿ, ಮಾತಾಡುವವರ ಬೆನ್ನ ಹಿಂದೆ ಕಡುಗೆಂಪು ಬಾವುಟವೊಂದು ಹಾರಾಡುತ್ತಿರುತ್ತೆ. 2003ರ ಅಕ್ಟೋಬರ್‌ನಲ್ಲಿ ಈ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರು ಆಸ್ಟಿನ್‌ಗೆ ಹೋಗಿ ಬೀಸಿದ್ದು ಶುರು. ಅಂದಿನಿಂದ ತಪ್ಪಿಲ್ಲ. ಒಬ್ಬರು ಬೀಸಿ ಮುಂದಿನ ಊರಿನವರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಅಲ್ಲಿ ಇನ್ಯಾರೋ ಬೆಳಗಿನ ಜಾವ ಎದ್ದು ಹೋಗಿ ಕಂಬ ಹಿಡಿದು ನಿಲ್ಲುತ್ತಾರೆ.

2023ರಲ್ಲಿ ಎಲ್ಲರೂ ಹೋದ ಮೇಲೆ ಉಳಿದದ್ದು ಈ ಕಾಲೇಜು ಮತ್ತು ಆರೆಗನ್ ಸ್ಟೇಟ್. ಹೋಗುವವರಿಗೆ ಮನೆಯ ಆಡಳಿತದಲ್ಲಿ ಮತ ಇರಬಾರದು ಅಂತ ಇಬ್ಬರೂ ಕೋರ್ಟಿಗೆ ಹೋದರು, ಗೆದ್ದರು. ಹೆಸರು, ಉಳಿದ ಆಸ್ತಿ ಇವರ ಕೈಗೆ ಬಂತು. 2024ರಲ್ಲಿ ಎರಡೇ ತಂಡಗಳ ಪ್ಯಾಕ್-12 ಆಗಿ ಆಡಿದರು. ಪಂದ್ಯಗಳು ಸಿಡಬ್ಲ್ಯೂ ಮತ್ತು ಫಾಕ್ಸ್‌ನಲ್ಲಿ ಬಂದವು. ಸಿಡಬ್ಲ್ಯೂ ದೊಡ್ಡ ಕ್ರೀಡಾ ಚಾನೆಲ್ ಅಲ್ಲ, ಆದರೆ ಆಂಟೆನಾ ಇದ್ದ ಮನೆಗೆಲ್ಲಾ ಬರುತ್ತೆ. ಹಳೆ ಸ್ವಂತ ಚಾನೆಲ್‌ಗಿಂತ ಇದರಲ್ಲೇ ಜಾಸ್ತಿ ಮನೆಗಳಿಗೆ ತಲುಪಿದರು.

2026ರ ಜುಲೈ 1ರಿಂದ ಬಾಯ್ಸಿ ಸ್ಟೇಟ್, ಕೊಲರಾಡೋ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಿ ಹೊಸ ಪ್ಯಾಕ್-12. ಫುಟ್‌ಬಾಲ್ ಬಿಟ್ಟು ಉಳಿದ ಆಟಗಳಿಗೆ ಗೊನ್ಜಾಗಾ. ಸಿಬಿಎಸ್, ಸಿಡಬ್ಲ್ಯೂ, ಯುಎಸ್‌ಎ ನೆಟ್‌ವರ್ಕ್ ಮೂರರಲ್ಲೂ ಪಂದ್ಯ. ಹಣ ಬಿಗ್ ಟೆನ್ ಮುಂದೆ ಚೂರುಪಾರು. ಆದರೆ ಪುಲ್‌ಮನ್‌ನಿಂದ ಬಾಯ್ಸಿ ಸುಮಾರು 300 ಮೈಲಿ, ಗೊನ್ಜಾಗಾ ಇರುವ ಸ್ಪೋಕೇನ್ ಬರೀ 75. ವಾಲಿಬಾಲ್ ಹುಡುಗಿಯರು ಮಧ್ಯಾಹ್ನ ಊಟ ಮಾಡಿ ಬಸ್ಸು ಹತ್ತಿ, ಸಂಜೆ ಆಡಿ, ರಾತ್ರಿ ತಮ್ಮ ಹಾಸ್ಟೆಲ್‌ನಲ್ಲೇ ಮಲಗಬಹುದು.